ಪತ್ರಿಕಾಕರ್ತ ಡಿ.ವಿ.ಜಿ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರನ್ನು ಇಂದಿನ ವಿದ್ಯಾರ್ಥಿಗಳು ಹೆಚ್ಚಾಗಿ ‘ಮಂಕುತಿಮ್ಮನ ಕಗ್ಗ’ದ ಕವಿಯೆಂದೇ ಬಲ್ಲರು. 1943ರಲ್ಲಿ ಆ ಕೃತಿ ಪ್ರಕಟವಾಗುವ ವೇಳೆಗೆ ಅವರು ಪತ್ರಿಕಾಕರ್ತರೆಂದು ಹೆಸರಾಗಿ ಮೂರು ದಶಕಗಳು ಕಳೆದಿದ್ದವು. ಅವರ ಗದ್ಯದ ಬೇರುಗಳಿರುವುದು ಆ ವೃತ್ತಿಯಲ್ಲಿ. ಇನ್ನೂ ಖಚಿತವಾಗಿ ಹೇಳುವುದಾದರೆ, ಆ ವೃತ್ತಿ ಒದಗಿಸಿದ ಸಂಭಾಷಣೆಗಳಲ್ಲಿ.

ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಗುಂಡಪ್ಪನವರ ಶಾಲಾ ವಿದ್ಯಾಭ್ಯಾಸ ಮೆಟ್ರಿಕ್ಯುಲೇಷನ್ನಿನಲ್ಲಿಯೇ ನಿಂತಿತು. ಆ ಪರೀಕ್ಷೆಯಲ್ಲಿ ಅವರು ಉತ್ತೀರ್ಣರಾಗಲಿಲ್ಲ. ಹೊಟ್ಟೆಪಾಡಿಗೆಂದು ಸಣ್ಣಪುಟ್ಟ ಕೆಲಸಗಳನ್ನು ಮಾಡಿ, ಬೆಂಗಳೂರಿನ ‘ಸೂರ್ಯೋದಯ ಪ್ರಕಾಶಿಕೆ’ಯ ಮೂಲಕ ಪತ್ರಿಕಾರಂಗವನ್ನು ಹೊಕ್ಕರು. 1908ರ ಪತ್ರಿಕಾ ಶಾಸನ ಮೈಸೂರು ಸಂಸ್ಥಾನದ ಪತ್ರಿಕೆಗಳ ಉಸಿರು ಕಟ್ಟಿಸಿದ ಕಾಲವದು. ಮದರಾಸಿಗೆ ಹೋಗಿ ಅಲ್ಲಿನ ಆಂಗ್ಲ ಪತ್ರಿಕೆಗಳಿಗೆ ಬರೆದರು; ಮರಳಿ ಬಂದು 1913ರಲ್ಲಿ ‘ಕರ್ನಾಟಕ’ ಎಂಬ ಆಂಗ್ಲ ಪತ್ರಿಕೆಯನ್ನು ಆರಂಭಿಸಿದರು. ವಾರಕ್ಕೆರಡು ಬಾರಿ ಹೊರಡುತ್ತಿದ್ದ ಈ ಪತ್ರಿಕೆ ಅವರಿಗೆ ಹಣವನ್ನು ತಂದುಕೊಡಲಿಲ್ಲ.

ತಂದುಕೊಟ್ಟದ್ದು ಜನರ ಒಡನಾಟವನ್ನು. ಕಾಲೇಜಿನಲ್ಲಿ ದೊರೆಯದ ಶಿಕ್ಷಣ ಅವರಿಗೆ ದೊರೆತದ್ದು ಮಾತಿನ ಮನೆಗಳಲ್ಲಿ. ಹಾನಗಲ್ಲು ವಿರೂಪಾಕ್ಷ ಶಾಸ್ತ್ರಿಗಳಲ್ಲಿ ವೇದಾಂತಪಾಠವಾಯಿತು. ಸಾಹಿತಿಗಳೊಂದಿಗೆ, ಸಂಗೀತಗಾರರೊಂದಿಗೆ, ಅಧಿಕಾರಿಗಳೊಂದಿಗೆ ಗಂಟೆಗಟ್ಟಲೆ ಚರ್ಚೆಗಳು ನಡೆದವು. ದಿವಾನ್ ವಿಶ್ವೇಶ್ವರಯ್ಯನವರಿಗಂತೂ ಅವರು ಬೇಕಾದವರು. ಪತ್ರಿಕಾಕರ್ತನಿಗೆ ಇದಕ್ಕಿಂತ ಕಠಿನವಾದ ಪರೀಕ್ಷೆ ಬೇರೊಂದಿಲ್ಲ. ದಿವಾನರ ಬಳಿ ಕುಳಿತು ಮಾತನಾಡುವವನು ಮರುದಿನ ದಿವಾನರ ಆಡಳಿತವನ್ನು ವಿಮರ್ಶಿಸಬೇಕಾಗುತ್ತದೆ. ದಸರಾ ಸಮಯದಲ್ಲಿ ಪತ್ರಿಕಾಕರ್ತರ ವೆಚ್ಚಕ್ಕೆಂದು ಸರ್ಕಾರ ಕೊಡುತ್ತಿದ್ದ ಹಣವನ್ನು ಡಿ.ವಿ.ಜಿ. ಒಪ್ಪಿಕೊಳ್ಳಲಿಲ್ಲವೆಂಬುದು ಪತ್ರಿಕಾವಲಯದಲ್ಲಿ ಪ್ರಸಿದ್ಧವಾದ ಸಂಗತಿ. ವರದಿಯ ವೆಚ್ಚ ಪತ್ರಿಕೆಯದೇ ಆಗಬೇಕೆಂಬುದು ಅವರ ನಿಲುವು. ಸ್ನೇಹ ಉಳಿಯಿತು, ವಿಮರ್ಶೆಯೂ ಉಳಿಯಿತು. ವೃತ್ತಿಧರ್ಮದ ಈ ಚಿಂತನೆಯೇ ಮುಂದೆ ‘ವೃತ್ತಪತ್ರಿಕೆ’ ಎಂಬ ಪುಸ್ತಕವಾಗಿ ರೂಪುಗೊಂಡಿತು.

ಕೇಳಿದ ಮಾತನ್ನು ಅವರು ಕೂಡಲೇ ಅಚ್ಚಿಗೆ ಕಳುಹಿಸಿದವರಲ್ಲ. ಅದರಲ್ಲಿ ಬಹುಭಾಗ ಹಲವು ದಶಕಗಳು ಅವರ ನೆನಪಿನಲ್ಲಿಯೇ ಇದ್ದು, ಆಡಿದವರಲ್ಲಿ ಅನೇಕರು ತೀರಿಕೊಂಡ ಬಳಿಕ, ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ಬೆಳಕು ಕಂಡಿತು. ದಿವಾನರಿಗೊಂದು ಸಂಪುಟ, ಸಾಹಿತ್ಯೋಪಾಸಕರಿಗೊಂದು, ಕಲೋಪಾಸಕರಿಗೊಂದು; ಹೆಸರಿಲ್ಲದ ಸಾಮಾನ್ಯರಿಗೂ ಅಲ್ಲಿ ಜಾಗವುಂಟು. ಇವುಗಳನ್ನು ಚರಿತ್ರೆಯ ದಾಖಲೆಗಳೆಂದು ಬಳಸುವ ಸಂಶೋಧಕರು ಎಚ್ಚರದಿಂದಿರಬೇಕು: ಅರ್ಧ ಶತಮಾನದ ನಂತರ ನೆನೆದು ಬರೆದ ಸಂಭಾಷಣೆ ಆಡಿದವರ ಧ್ವನಿಯಷ್ಟೇ ಬರೆದವರ ಧ್ವನಿಯೂ ಹೌದು. ಎಲ್ಲ ಪಾತ್ರಗಳ ಮಾತಿನಲ್ಲಿಯೂ ಡಿ.ವಿ.ಜಿ.ಯವರ ಲಯ ಸ್ವಲ್ಪಮಟ್ಟಿಗೆ ಕೇಳಿಬರುತ್ತದೆ. ಆದರೆ ಒಬ್ಬ ವಿದ್ವಾಂಸನ ಸಿಡುಕು, ಒಬ್ಬ ಗಾಯಕನ ಸಂಕೋಚ, ಒಬ್ಬ ಅಧಿಕಾರಿಯ ನಿಷ್ಠುರತೆ ಸರ್ಕಾರಿ ಕಡತಗಳಲ್ಲಿ ಸಿಕ್ಕುವ ವಸ್ತುಗಳಲ್ಲ.

1945ರಲ್ಲಿ ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಹಿರಿಯರ ಮನೆಗಳಲ್ಲಿ ತಾವು ಪಡೆದುದನ್ನು ಕಿರಿಯರಿಗೆ ಅಲ್ಲಿ ಹಂಚಿದರು. ಆ ಸಂಸ್ಥೆಯಲ್ಲಿ ಗೀತೆಯನ್ನು ಕುರಿತು ಅವರು ಮಾಡಿದ ಉಪನ್ಯಾಸಗಳಿಂದ ಬೆಳೆದ ಗ್ರಂಥಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. 1970ರಲ್ಲಿ ನಾಡಿನ ಜನ ಅವರನ್ನು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಅವರು ಸಂಸ್ಥೆಗೇ ಒಪ್ಪಿಸಿದರು. 1975ರ ಅಕ್ಟೋಬರ್ 7ರಂದು ಅವರು ನಿಧನರಾದರು.