ಕಣ್ಣಿಲ್ಲದ ಗದಿಗೆಯ್ಯನಿಗೆ ತೆರೆದಿದ್ದು ಒಂದೇ ಬಾಗಿಲು: ಪಂಚಾಕ್ಷರಿ ಗವಾಯಿಗಳ ಬದುಕು ನಮ್ಮ ಶಾಲೆಗಳಿಗೆ ಹೇಳೋದೇನು?

ಶಾಗ್ಯ (ಹನೂರು ತಾ.): ಬೇಸಿಗೆ ರಜೆ ಮುಗಿದು ಶಾಲೆಗಳು ಮತ್ತೆ ಶುರುವಾಗುವ ಜೂನ್ ತಿಂಗಳು ಅಂದ್ರೆ ಅಂಗಡಿಗಳಲ್ಲಿ ನೋಟ್‌ಬುಕ್ಕು, ಬ್ಯಾಗು, ಕೊಡೆಗಳ ವ್ಯಾಪಾರ ಜೋರು. ಇದೇ ಹೊತ್ತಿಗೆ, ಜೂನ್ 11ಕ್ಕೆ, ಗದಗಿನ ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಪುಣ್ಯಸ್ಮರಣೆಯ ದಿನ ಬರುತ್ತದೆ. ಅವರ ಹೆಸರು ಕೇಳದವರು ನಮ್ಮ ಕಡೆಯೂ ಕಡಿಮೆ. 1995ರಲ್ಲಿ ಅವರ ಬದುಕಿನ ಮೇಲೆ ಬಂದ ಸಿನಿಮಾ ಬಹಳ ಜನರಿಗೆ ನೆನಪಿದೆ. ಆ ಸಿನಿಮಾಕ್ಕೆ ಸಂಗೀತ ಕೊಟ್ಟ ಹಂಸಲೇಖ ಅವರಿಗೂ, ಹಾಡಿದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರ ಪ್ರಶಸ್ತಿ ಬಂತು. ಆದರೆ ಗವಾಯಿಗಳು ಹಾಡಿದ್ದನ್ನು ನೆನೆಯುವ ನಾವು, ಅವರು ಕಲಿತದ್ದು ಹೇಗೆ ಅನ್ನೋದನ್ನು ಯೋಚಿಸೋದು ಕಡಿಮೆ. ನಮ್ಮೂರ ಶಾಲೆಗಳಿಗೆ ಬೇಕಾಗಿರೋ ಪಾಠ ಇರೋದು ಅಲ್ಲೇ.

ಕಾಡಶೆಟ್ಟಿಹಳ್ಳಿಯ ಮಗು

ಗವಾಯಿಗಳು ಹುಟ್ಟಿದ್ದು 1892ರ ಫೆಬ್ರುವರಿ 2ರಂದು, ಈಗಿನ ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮನೆಯಲ್ಲಿ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ಒಡಹುಟ್ಟಿದ ಗುರುಬಸಯ್ಯನಿಗೂ ಕಣ್ಣು ಕಾಣುತ್ತಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು. ಅಂಥ ಮನೆಯ ಚಿಂತೆ ಏನು ಅಂತ ನಾವು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ನಾವಿರುವ ತನಕ ನೋಡ್ಕೋತೀವಿ, ಆಮೇಲೆ ಯಾರು ಅನ್ನೋ ಪ್ರಶ್ನೆ ಈಗಲೂ ಎಷ್ಟೋ ಮನೆಗಳಲ್ಲಿ ಇದೆ.

ಆ ಕಾಲದ ನಕ್ಷೆಯನ್ನೂ ಒಮ್ಮೆ ನೋಡಬೇಕು. ಹಾನಗಲ್ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ನಮ್ಮ ಶಾಗ್ಯ, ಹನೂರು ಸೇರಿದ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದ್ದು. 1956ರಲ್ಲಿ ರಾಜ್ಯ ಒಂದಾಗುವ ತನಕ ಹೀಗೇ ಇತ್ತು. ಆಡಳಿತ ಮೂರು ಕಡೆ ಹಂಚಿಹೋಗಿದ್ದರೂ ಒಂದು ವಿಷಯದಲ್ಲಿ ಎಲ್ಲ ಕಡೆಯ ಹಳ್ಳಿಗಳೂ ಒಂದೇ: ಕಣ್ಣಿಲ್ಲದ ಮಗುವಿಗೆ ಊರ ಶಾಲೆಯಲ್ಲಿ ಜಾಗ ಇರಲಿಲ್ಲ. ಅಂಧ ಮಕ್ಕಳಿಗೆಂದೇ ನಮ್ಮ ದೇಶದಲ್ಲಿ ಮೊದಲ ಶಾಲೆ 1887ರಲ್ಲಿ ಶುರುವಾಗಿದ್ದು ದೂರದ ಅಮೃತಸರದಲ್ಲಿ. ಮೈಸೂರಿನಲ್ಲಿ ಅಂಥ ಶಾಲೆ ಆಗಿದ್ದು 1901ರಲ್ಲಿ. ಫ್ರಾನ್ಸಿನ ಲೂಯಿ ಬ್ರೈಲ್ ಆರು ಚುಕ್ಕಿಗಳ ಲಿಪಿಯನ್ನು 1829ರಲ್ಲೇ ಪ್ರಕಟಿಸಿದ್ದರೂ, ಭಾರತೀಯ ಭಾಷೆಗಳಿಗೆಲ್ಲ ಹೊಂದುವ ಒಂದೇ ಬ್ರೈಲ್ ಲಿಪಿ ಒಪ್ಪಿತವಾಗಿದ್ದು 1951ರಲ್ಲಿ. ಗದಿಗೆಯ್ಯನ ಬಾಲ್ಯಕ್ಕೆ ಇದು ಯಾವುದೂ ಒದಗಲಿಲ್ಲ.

ಹಾನಗಲ್ ಸ್ವಾಮಿಗಳ ಕಿವಿಗೆ ಬಿದ್ದ ದನಿ

ಮಗುವಿನ ಪುಣ್ಯಕ್ಕೆ, ಹಾನಗಲ್ ಕುಮಾರ ಸ್ವಾಮಿಗಳ ಕಿವಿಗೆ ಅವನ ದನಿ ಬಿತ್ತು. ಮುಂದೆ 1909ರಲ್ಲಿ ಬಾದಾಮಿ ಬಳಿ ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರ ಕಟ್ಟಿದವರು ಇವರೇ. ಹುಡುಗ ಚೆನ್ನಾಗಿ ಹಾಡ್ತಾನೆ ಅಂತ ತಲೆ ಸವರಿ, ಪ್ರಸಾದ ಕೊಟ್ಟು ಕಳಿಸಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಸ್ವಾಮಿಗಳು ಹಾಗೆ ಮಾಡಲಿಲ್ಲ. ಊಟ, ವಸತಿ, ಗುರು, ಸಮಯ, ಈ ನಾಲ್ಕನ್ನೂ ಒದಗಿಸಿದರು. ಗದಿಗೆಯ್ಯ ಪಂಚಾಕ್ಷರಿ ಆಗಿದ್ದು ಅವರ ಆಶ್ರಯದಲ್ಲೇ.

ಕರ್ನಾಟಕ ಸಂಗೀತ ಕಲಿಯಲು ಹುಡುಗನನ್ನು ಮೈಸೂರಿಗೆ ಕಳಿಸಿದರು. ಆಮೇಲೆ ಹಿಂದೂಸ್ತಾನಿ ಸಂಗೀತಕ್ಕೆ ಮಿರಜಿನ ನೀಲಕಂಠ ಬುವಾ ಗುರುವಾದರು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದಲೂ ಗವಾಯಿಗಳು ಕಲಿತರು. ಮಠದ ಹುಡುಗನಿಗೆ ಮುಸ್ಲಿಂ ಉಸ್ತಾದರು ಪಾಠ ಹೇಳಿದರು, ಕಲಿಯುವವನೂ ಕಲಿಸುವವನೂ ಬೇರೆ ಏನನ್ನೂ ನೋಡಲಿಲ್ಲ. ದಕ್ಷಿಣಾದಿ, ಉತ್ತರಾದಿ ಎರಡೂ ಪದ್ಧತಿಗಳಲ್ಲಿ ಪಾಂಡಿತ್ಯ ಪಡೆಯೋದು ಕಣ್ಣಿದ್ದವರಿಗೂ ಕಷ್ಟ. ಅವರು ಹಾಡುಗಾರಿಕೆ ಜೊತೆಗೆ ತಬಲಾ ಮೊದಲಾದ ವಾದ್ಯಗಳನ್ನೂ ಕೈವಶ ಮಾಡಿಕೊಂಡರು.

ಸಂಗೀತವೇ ಏಕೆ?

ಇಲ್ಲಿ ಒಂದು ಮಾತು. ಕಣ್ಣಿಲ್ಲದವರಿಗೆ ದೇವರು ಕಂಠ ಕೊಟ್ಟಿರ್ತಾನೆ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಕೇಳೋಕೆ ಚೆಂದ, ಆದರೆ ನಿಜ ಅದಲ್ಲ. ಕಣ್ಣು ಕಾಣದ ಎಲ್ಲರಿಗೂ ಹಾಡು ಬರಲ್ಲ, ಬರಬೇಕಾಗೂ ಇಲ್ಲ. ನಿಜವಾದ ಕಾರಣ ಪಾಠ ಹೇಳುವ ರೀತಿಯಲ್ಲಿದೆ.

ಸಂಗೀತದ ಪಾಠ ಹಿಂದಿನಿಂದಲೂ ಬಾಯಿಪಾಠ. ಅಲ್ಲಿ ಸ್ಲೇಟು ಇಲ್ಲ, ಕಪ್ಪು ಹಲಗೆ ಇಲ್ಲ. ಗುರು ಹಾಡ್ತಾರೆ, ಶಿಷ್ಯ ಕೇಳ್ತಾನೆ, ತಿರುಗಿ ಹಾಡ್ತಾನೆ, ತಪ್ಪಿದರೆ ಗುರು ಮತ್ತೆ ಹಾಡ್ತಾರೆ. ತಬಲಾದ ಬೋಲನ್ನು ಮೊದಲು ಬಾಯಲ್ಲಿ ಹೇಳಿಸಿ ಆಮೇಲೆ ಕೈಗೆ ಇಳಿಸ್ತಾರೆ. ಬೆರಳು ಎಲ್ಲಿ ಇಡಬೇಕು ಅಂತ ಗುರು ಕೈ ಹಿಡಿದೇ ತೋರಿಸಬಹುದು. ನಮ್ಮ ಸೀಮೆಯವರಿಗೆ ಇದು ಹೊಸದೇನಲ್ಲ. ಮಾದಪ್ಪನ ಕತೆ ಹೇಳುವ ಕಂಸಾಳೆಯವರು, ಮಂಟೇಸ್ವಾಮಿ ಕತೆ ಹಾಡುವ ನೀಲಗಾರರು ರಾತ್ರಿಯೆಲ್ಲ ಹಾಡುವಷ್ಟು ಪದ ಕಲಿತದ್ದು ಪುಸ್ತಕ ನೋಡಿಕೊಂಡಲ್ಲ. ಗುರುವಿನ ಜೊತೆ ಕೂತು, ಹಿಂದೆ ಹಿಂದೆ ಹಾಡಿಕೊಂಡು ಕಲಿತದ್ದು.

ಅಂದರೆ ಆ ಕಾಲದಲ್ಲಿ ಅಂಧ ಮಗುವಿಗೆ ತಕ್ಕ ಹಾಗೆ ಮೊದಲೇ ಸಿದ್ಧವಾಗಿದ್ದ ತರಗತಿ ಅಂತ ಒಂದಿದ್ದರೆ ಅದು ಸಂಗೀತದ್ದು. ಗಣಿತದ ತರಗತಿ ಹಾಗಿರಲಿಲ್ಲ, ಭೂಗೋಳದ್ದೂ ಇರಲಿಲ್ಲ. ಗದಿಗೆಯ್ಯ ಸಂಗೀತಗಾರನಾಗಿದ್ದರಲ್ಲಿ ಅವನ ಪ್ರತಿಭೆಯೂ ಇದೆ, ಹೊಂದಿಕೊಂಡ ತರಗತಿಯೂ ಇದೆ. ಅವನಷ್ಟೇ ಬುದ್ಧಿ ಇದ್ದು, ಕಂಠ ಮಾತ್ರ ಇಲ್ಲದ ಎಷ್ಟು ಅಂಧ ಮಕ್ಕಳು ಜಗಲಿಯ ಮೇಲೇ ಕೂತು ವಯಸ್ಸು ಕಳೆದರೋ, ಲೆಕ್ಕ ಇಟ್ಟವರಿಲ್ಲ.

ಪಡೆದದ್ದನ್ನು ಹಂಚಿದರು

ಗವಾಯಿಗಳ ದೊಡ್ಡತನ ಇರೋದು ಕಲಿತ ಮೇಲೆ ಮಾಡಿದ ಕೆಲಸದಲ್ಲಿ. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಅಂಧ ಮಕ್ಕಳು, ಅನಾಥ ಮಕ್ಕಳು, ಬಡವರ ಮಕ್ಕಳನ್ನು ಜೊತೆಗೆ ಕಟ್ಟಿಕೊಂಡು ಊರೂರು ತಿರುಗಿದರು. ಬಹಳ ವರ್ಷ ಅವರ ಶಾಲೆಗೆ ಸ್ವಂತ ಕಟ್ಟಡ ಇರಲಿಲ್ಲ. ಯಾವ ಊರಲ್ಲಿ ಇಳಿದರೋ ಅಲ್ಲೇ ಪಾಠ. ಹಾಡಿ ಬಂದದ್ದು, ಭಕ್ತರು ಕೊಟ್ಟದ್ದು, ಅದರಲ್ಲೇ ಎಲ್ಲರ ಊಟ. ಕಡೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪ ಎಂಬ ದಾನಿ ನೆಲೆ ಒದಗಿಸಿದರು. ಇವತ್ತಿಗೂ ನಡೆಯುತ್ತಿರುವ ವೀರೇಶ್ವರ ಪುಣ್ಯಾಶ್ರಮಕ್ಕೆ ಅವರ ಹೆಸರೇ ಉಳಿದಿದೆ.

ಅವರ ಶಿಷ್ಯರಲ್ಲಿ ಕಣ್ಣಿದ್ದವರೂ ಇದ್ದರು. ಧಾರವಾಡದ ಹೆಸರಾಂತ ಗಾಯಕ ಬಸವರಾಜ ರಾಜಗುರು ಹುಡುಗನಾಗಿದ್ದಾಗಲೇ ಗವಾಯಿಗಳ ಬಳಿ ಸೇರಿದವರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ 600ನೇ ವರ್ಷದ ಉತ್ಸವ ನಡೆದಾಗ ರಾಜಗುರು ಹಾಡಿದರು, ಗುರುಗಳೇ ತಬಲಾ ಸಾಥ್ ಕೊಟ್ಟರು. ಕಣ್ಣಿಲ್ಲದವರು ಪಡೆಯೋರು, ಕಣ್ಣಿದ್ದವರು ಕೊಡೋರು ಅನ್ನೋ ಲೆಕ್ಕ ಆ ವೇದಿಕೆಯ ಮೇಲೆ ತಲೆಕೆಳಗಾಯಿತು.

ಇನ್ನೊಬ್ಬ ಶಿಷ್ಯ ಪುಟ್ಟರಾಜರು. ಅದೇ ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. 1944ರ ಜೂನ್ 11ರಂದು ಗವಾಯಿಗಳು ತಮ್ಮ 52ನೇ ವಯಸ್ಸಿನಲ್ಲಿ ತೀರಿಕೊಂಡಾಗ ಆಶ್ರಮದ ಹೊಣೆ ಬಿದ್ದದ್ದು 30 ವರ್ಷದ ಈ ಶಿಷ್ಯನ ಹೆಗಲಿಗೆ. ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವ ತನಕ, 66 ವರ್ಷ, ಅದನ್ನು ನಡೆಸಿದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಗ್ರಂಥ ರಚಿಸಿದರು. ಪದ್ಮಭೂಷಣ ಗೌರವ ಬಂತು. ಇಷ್ಟಕ್ಕೆಲ್ಲ ಮೂಲ, ಒಬ್ಬ ಅಂಧ ಹುಡುಗನಿಗೆ ಸಿಕ್ಕ ಒಂದು ಪಾಠದ ಜಾಗ.

ಆಗ ದಯೆ, ಈಗ ಹಕ್ಕು

ಗದಿಗೆಯ್ಯನ ಬಾಗಿಲು ತೆರೆದದ್ದು ಒಬ್ಬ ಸ್ವಾಮಿಗಳ ದಯೆಯಿಂದ. ಸ್ವಾಮಿಗಳು ಆ ದಾರಿಯಲ್ಲಿ ಬಾರದೇ ಹೋಗಿದ್ದರೆ? ಹುಡುಗನಿಗೆ ಹಾಡು ಬಾರದೇ ಇದ್ದಿದ್ದರೆ? ಈ ಎರಡು ಪ್ರಶ್ನೆಗೆ ಆ ಕಾಲದಲ್ಲಿ ಉತ್ತರ ಇರಲಿಲ್ಲ. ಈಗ ಇದೆ, ಅದರ ಹೆಸರು ಕಾನೂನು.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಶಾಲಾ ಕಟ್ಟಡಕ್ಕೆ ಅಡೆತಡೆ ಇಲ್ಲದೆ ಹೋಗಿಬರುವ ದಾರಿ ಇರಲೇಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಯಿತು. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇದ್ದದ್ದು ಇದರಲ್ಲಿ 21 ಆಯಿತು. ಓದು ಬರಹದಲ್ಲಿ ತೊಡಕಾಗುವ ಕಲಿಕಾ ನ್ಯೂನತೆ, ಆಟಿಸಂ ಎಲ್ಲ ಸೇರಿತು. ಶೇ. 40 ಅಥವಾ ಹೆಚ್ಚು ವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣ ಹಕ್ಕು. ಹತ್ತಿರದ ಶಾಲೆಗೆ ಹೋಗಬೇಕೋ, ವಿಶೇಷ ಶಾಲೆಗೆ ಹೋಗಬೇಕೋ ಅನ್ನೋ ಆಯ್ಕೆ ಮನೆಯವರದ್ದು. ಇಂಥ ಮಕ್ಕಳಿಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನ ಸಲಕರಣೆಗಳನ್ನು 18 ವರ್ಷದ ತನಕ ಉಚಿತವಾಗಿ ಕೊಡಬೇಕು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲವನ್ನೂ ಕಾಯ್ದೆಯೇ ಹೆಸರಿಸಿ ಹೇಳಿದೆ.

ಹಾಗಾಗಿ ನಿಮ್ಮ ಮಗುವಿಗೆ ನಮ್ಮ ಶಾಲೆ ಆಗಲ್ಲ, ಬೇರೆ ಕಡೆ ನೋಡಿ ಅಂತ ಯಾರಾದರೂ ಹೇಳಿದರೆ ತಲೆ ತಗ್ಗಿಸಿಕೊಂಡು ವಾಪಸ್ ಬರಬೇಕಾಗಿಲ್ಲ. ಬಿಇಒ ಕಚೇರಿಗೆ, ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಕೇಳಿ. ಶಾಲೆಗೆ ಬರಲು ಆಗದೇ ಇರುವಷ್ಟು ತೊಂದರೆ ಇರುವ ಮಗುವಿಗೆ ಮನೆಯಲ್ಲೇ ಪಾಠ ಹೇಳುವ ಗೃಹಾಧಾರಿತ ಶಿಕ್ಷಣವೂ ಇದೆ. ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮಾಡಿಸುವ ದಾರಿ ಹೇಳ್ತಾರೆ. ಎಸ್ಸೆಸ್ಸೆಲ್ಸಿ ಮಕ್ಕಳ ಮನೆಯವರು ಪರೀಕ್ಷೆ ಹತ್ತಿರ ಬರುವ ತನಕ ಕಾಯದೆ, ಶಾಲೆ ಶುರುವಾದಾಗಲೇ ಮುಖ್ಯ ಶಿಕ್ಷಕರ ಜೊತೆ ಮಾತಾಡಿ ಕಾಗದಪತ್ರ ಸರಿ ಮಾಡಿಕೊಳ್ಳುವುದು ಒಳ್ಳೆಯದು.

ದುಡ್ಡೇ ಬೇಕಿಲ್ಲದ ಕೆಲಸಗಳು

ಇನ್ನು ತರಗತಿಯಲ್ಲಿ ಆಗಬೇಕಾದ ಎಷ್ಟೋ ಕೆಲಸಕ್ಕೆ ಕಾಸು ಬೇಕಾಗಿಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ಮೇಷ್ಟ್ರು ಬಾಯಲ್ಲೂ ಹೇಳಿದರೆ ದೃಷ್ಟಿ ಕಡಿಮೆ ಇರುವ ಮಗು ಹಿಂದೆ ಬೀಳಲ್ಲ. ಅದೇ ಗವಾಯಿಗಳ ಗುರುಗಳು ಮಾಡಿದ್ದು. ಕಿವಿ ಮಂದ ಇರುವ ಮಗುವಿಗೆ ಇದರ ಉಲ್ಟಾ: ಹೇಳಿದ್ದನ್ನು ಬೋರ್ಡಿನ ಮೇಲೆ ಬರೆಯಬೇಕು, ಮಾತಾಡುವಾಗ ಮುಖ ಮಕ್ಕಳ ಕಡೆ ಇರಬೇಕು. ನಡೆಯಲು ಆಗದ ಮಗು ಇದ್ದರೆ ಆ ತರಗತಿಯನ್ನೇ ಮೆಟ್ಟಿಲಿಲ್ಲದ ಕೋಣೆಗೆ ಬದಲಾಯಿಸಬಹುದು. ನಿಧಾನವಾಗಿ ಬರೆಯುವ ಮಗುವಿಗೆ ಹತ್ತು ನಿಮಿಷ ಹೆಚ್ಚು ಕೊಟ್ಟರೆ ಬೇರೆ ಮಕ್ಕಳಿಗೆ ನಷ್ಟ ಏನಿಲ್ಲ. ಮೊದಲ ಬೆಂಚು, ಕಿಟಕಿಯ ಬೆಳಕು, ಜೊತೆಗೊಬ್ಬ ಗೆಳೆಯ. ಇಷ್ಟರಿಂದಲೇ ಎಷ್ಟೋ ಮಕ್ಕಳು ಶಾಲೆ ಬಿಡೋದು ತಪ್ಪುತ್ತೆ.

ಅಂಗಡಿ ಮಾಲೀಕರಿಗೂ ಒಂದು ಮಾತು. ಪ್ರತಿ ಜೂನ್‌ನಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೆ ನೋಟ್‌ಬುಕ್ಕು, ಪೆನ್ನು ಹಂಚುವ ಒಳ್ಳೆ ಮನಸ್ಸಿನವರು ನಮ್ಮಲ್ಲಿ ಇದ್ದಾರೆ. ಈ ಸಲ ಹಂಚುವ ಮುಂಚೆ, ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು ಯಾರಿದ್ದಾರೆ, ಅವರಿಗೆ ಏನು ಬೇಕು ಅಂತ ಮೇಷ್ಟ್ರನ್ನು ಒಮ್ಮೆ ಕೇಳಿ. ಕಣ್ಣು ಮಂದ ಇರುವ ಮಗುವಿಗೆ ದಪ್ಪ ಗೆರೆಯ ಪುಸ್ತಕ, ದಪ್ಪ ಕಪ್ಪು ಪೆನ್ನು ಬೇಕಿರಬಹುದು. ಹಾಗಂತ ಇಳಿಜಾರು ದಾರಿ, ಶೌಚಾಲಯ, ಶಿಕ್ಷಕರು ಇವು ದಾನಿಗಳ ಹೊಣೆ ಅಲ್ಲ, ಸರ್ಕಾರದ ಕರ್ತವ್ಯ. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಎತ್ತಿ, ಠರಾವು ಬರೆಸಿ, ಬಿಇಒ ಕಚೇರಿಗೆ ಮುಟ್ಟಿಸುವುದು ಪೋಷಕರು ಮಾಡಬಹುದಾದ ಕೆಲಸ. ಊರಲ್ಲಿ ನಾಲ್ಕು ಜನ ಮಾತು ಕೇಳುವಂಥವರು ಜೊತೆ ನಿಂತರೆ ಆ ಅರ್ಜಿ ಬೇಗ ಸರಿಯುತ್ತೆ.

ಶಾಗ್ಯದಿಂದ ಗದಗಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು. ನಮ್ಮ ಕಡೆಯ ಎಲ್ಲ ಮಕ್ಕಳೂ ಅಷ್ಟು ದೂರ ಹೋಗೋಕಾಗಲ್ಲ, ಎಲ್ಲರಿಗೂ ಹಾಡೂ ಬರಲ್ಲ. ಯಾರಿಗೋ ಲೆಕ್ಕ ಇಷ್ಟ, ಯಾರಿಗೋ ವಿಜ್ಞಾನ, ಯಾರಿಗೋ ಅಪ್ಪನ ಅಂಗಡಿಯ ವ್ಯವಹಾರ. ಗವಾಯಿಗಳ ಫೋಟೋಗೆ ಹಾರ ಹಾಕಿ ಕೈಮುಗಿಯೋಣ. ಆಮೇಲೆ ನಮ್ಮ ಬೀದಿಯಲ್ಲಿ ಶಾಲೆಗೆ ಹೋಗದೆ ಮನೆಯಲ್ಲೇ ಕೂತಿರುವ ಮಗು ಯಾವುದಾದರೂ ಇದೆಯಾ ಅಂತ ನೋಡೋಣ. ಇದ್ದರೆ ದಾಖಲಾತಿ ಮುಗಿಯುವ ಮುಂಚೆ ಆ ಮನೆಯ ಬಾಗಿಲು ತಟ್ಟೋಣ.