ರೆಕ್ಕೆ ಮೂಡಿದ ಕಣ್ಣಿನ ಚಿತ್ರಕಾರ ರಿಕ್ ಗ್ರಿಫಿನ್
ರಾಕ್ ಸಂಗೀತವನ್ನೂ ಸ್ಕೇಟ್‌ಬೋರ್ಡನ್ನೂ ಒಂದೇ ಟೀ ಶರ್ಟಿನ ಮೇಲೆ ಬೆಸೆಯುವ ಚಿತ್ರಶೈಲಿಗೆ ಬುನಾದಿ ಹಾಕಿದವರಲ್ಲಿ ರಿಕ್ ಗ್ರಿಫಿನ್ ಪ್ರಮುಖರು. 1944ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜನಿಸಿದ ಅವರು ಹದಿಹರೆಯದಲ್ಲೇ 'ಸರ್ಫರ್' ಪತ್ರಿಕೆಗಾಗಿ ಮರ್ಫಿ ಎಂಬ ಪುಟ್ಟ ಅಲೆಸವಾರನನ್ನು ಚಿತ್ರಿಸಿದರು. ಹಲಗೆಗೆ ಗಾಲಿ ಜೋಡಿಸಿ ರಸ್ತೆಗಿಳಿದವರೂ ಅಲ್ಲಿನ ಅಲೆಸವಾರರೇ. ಸ್ಕೇಟ್‌ಬೋರ್ಡ್ ಬೆಳೆದದ್ದು ಹಾಗೆ.

ಯೌವನದಲ್ಲಿ ಸಂಭವಿಸಿದ ವಾಹನ ಅಪಘಾತವೊಂದು ಗ್ರಿಫಿನ್ ಅವರ ಎಡಗಣ್ಣನ್ನು ಘಾಸಿಗೊಳಿಸಿತು. ಮುಂದೆ ಅವರ ಚಿತ್ರಗಳಲ್ಲಿ ಕಣ್ಣು ಮತ್ತೆ ಮತ್ತೆ ಮೂಡಿದ್ದು ಕೇವಲ ಆಕಸ್ಮಿಕವಿರಲಾರದು. 1968ರಲ್ಲಿ ಜಿಮಿ ಹೆಂಡ್ರಿಕ್ಸ್ ಅವರ ಸಂಗೀತ ಕಛೇರಿಯ ಭಿತ್ತಿಪತ್ರಕ್ಕೆ ಬರೆದ, ಬೆಂಕಿಯ ಬಳೆಯಿಂದ ನುಗ್ಗಿಬರುವ ರೆಕ್ಕೆಯ ಕಣ್ಣುಗುಡ್ಡೆ ಕಾಗದದಿಂದ ಅಂಗಿಗೂ ಹಾರಿತು. ಮರುವರ್ಷ ಗ್ರೇಟ್‌ಫುಲ್ ಡೆಡ್ ತಂಡದ ಧ್ವನಿಮುದ್ರಿಕೆಗೆ ಮುಖಪುಟ ರಚಿಸಿದರು. 1970ರ ಸುಮಾರಿಗೆ ಕ್ರೈಸ್ತ ಶ್ರದ್ಧೆಯತ್ತ ಹೊರಳಿದರೂ ಕುಂಚ ಕೆಳಗಿಡಲಿಲ್ಲ. 1991ರ ಆಗಸ್ಟ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತಕ್ಕೀಡಾಗಿ ನಿಧನರಾದಾಗ ಅವರಿಗೆ 47 ವರ್ಷ.