ಪ್ರಶ್ನೆ ಕೇಳಿ ಉತ್ತರ ಬರೆದಿಟ್ಟ ವೈದ್ಯ: ಅಲೋಯಿಸ್ ಅಲ್ಝೈಮರ್

ಹಿರಿಯರು ಪದೇ ಪದೇ ಮರೆಯತೊಡಗಿದರೆ ಅರವತ್ತಕ್ಕೆ ಅರಳುಮರಳು ಎಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಅಂತಹ ಮರೆವಿನ ಹಿಂದೆ ಮಿದುಳಿನ ರೋಗವಿರಬಹುದು ಎಂಬುದನ್ನು ಜಗತ್ತು ಅರಿಯಲು ಕಾರಣರಾದವರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ ಪ್ರಮುಖರು.

ಅವರು 1864ರ ಜೂನ್ 14ರಂದು ಬವೇರಿಯಾ ಪ್ರಾಂತ್ಯದ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಬರ್ಲಿನ್, ಟ್ಯೂಬಿಂಗೆನ್ ಮತ್ತು ವೂರ್ಟ್ಸ್‌ಬರ್ಗ್‌ಗಳಲ್ಲಿ ವೈದ್ಯಶಾಸ್ತ್ರ ಓದಿ, 1888ರಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿದರು. ಮರುವರ್ಷ ಅಲ್ಲಿಗೆ ಬಂದ ಫ್ರಾಂಜ್ ನಿಸ್ಲ್ ಅವರ ಆಪ್ತ ಮಿತ್ರರಾದರು. ನರಕೋಶಗಳಿಗೆ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನವನ್ನು ರೂಪಿಸಿದವರು ಈ ನಿಸ್ಲ್. ಹಗಲಿನಲ್ಲಿ ಕಂಡ ರೋಗಿಯ ವರ್ತನೆಗೂ ಮಿದುಳಿನ ಅಂಗಾಂಶಕ್ಕೂ ಇರುವ ಸಂಬಂಧವನ್ನು ಹುಡುಕುವುದೇ ಅಲ್ಝೈಮರ್ ಅವರ ಜೀವನದ ಕೆಲಸವಾಯಿತು.

1901 ಅವರಿಗೆ ಕಷ್ಟದ ವರ್ಷ. ಪತ್ನಿ ಸಿಸಿಲಿ ತೀರಿಕೊಂಡರು. ಅದೇ ವರ್ಷದ ನವೆಂಬರ್ 25ರಂದು ಆಗಸ್ಟೆ ಡೀಟರ್ ಎಂಬ ಮಹಿಳೆ ಆಸ್ಪತ್ರೆಗೆ ದಾಖಲಾದರು. ಆಕೆಗೆ ಆಗ 51 ವರ್ಷ. ಅದನ್ನು ಮುಪ್ಪಿನ ಮರೆವು ಎನ್ನುವಂತಿರಲಿಲ್ಲ. ಅಲ್ಝೈಮರ್ ಆಕೆಯ ಎದುರು ಕುಳಿತು ಹೆಸರು, ಗಂಡನ ಹೆಸರು, ಊರು ಮುಂತಾದ ಸರಳ ಪ್ರಶ್ನೆಗಳನ್ನು ಕೇಳಿದರು. ಪೆನ್ನು, ಕೀಲಿಕೈ ತೋರಿಸಿದಾಗ ಆಕೆ ಸರಿಯಾಗಿ ಹೆಸರಿಸಿದರು. ಆದರೆ ಸ್ವಲ್ಪ ಹೊತ್ತಿನ ನಂತರ ಯಾವ ವಸ್ತುಗಳನ್ನು ತೋರಿಸಲಾಗಿತ್ತು ಎಂಬುದೇ ನೆನಪಿರಲಿಲ್ಲ. ತನ್ನ ಹೆಸರನ್ನು ಪೂರ್ತಿ ಬರೆಯಲೂ ಆಗಲಿಲ್ಲ. ಅಲ್ಝೈಮರ್ ತಪ್ಪು ಉತ್ತರಗಳನ್ನು ತಿದ್ದದೆ, ಬಂದದ್ದು ಬಂದಂತೆಯೇ ಬರೆದಿಟ್ಟರು.

1903ರಲ್ಲಿ ಅವರು ಪ್ರಸಿದ್ಧ ಮನೋವೈದ್ಯ ಎಮಿಲ್ ಕ್ರೇಪೆಲಿನ್ ಅವರ ಜೊತೆ ಮ್ಯೂನಿಕ್‌ನಲ್ಲಿ ನೆಲೆಸಿದರೂ ಆಗಸ್ಟೆಯವರನ್ನು ಮರೆಯಲಿಲ್ಲ. 1906ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಾಗ ಕಡತವನ್ನೂ ಮಿದುಳನ್ನೂ ತರಿಸಿಕೊಂಡರು. ಸೂಕ್ಷ್ಮದರ್ಶಕದಲ್ಲಿ ನರಕೋಶಗಳ ಒಳಗೆ ಎಳೆಗಳ ಗಂಟುಗಳೂ ಕೋಶಗಳ ನಡುವೆ ವಿಚಿತ್ರ ವಸ್ತುವಿನ ಶೇಖರಣೆಯೂ ಕಂಡವು. ಅದೇ ನವೆಂಬರ್ 3ರಂದು ಟ್ಯೂಬಿಂಗೆನ್ ಸಭೆಯಲ್ಲಿ ಇದನ್ನು ಮಂಡಿಸಿದಾಗ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. 1910ರಲ್ಲಿ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ರೋಗಕ್ಕೆ ಅಲ್ಝೈಮರ್ ಅವರ ಹೆಸರಿಟ್ಟರು. 1912ರಲ್ಲಿ ಬ್ರೆಸ್ಲಾವ್‌ನಲ್ಲಿ ಪ್ರಾಧ್ಯಾಪಕರಾದ ಅಲ್ಝೈಮರ್, 1915ರ ಡಿಸೆಂಬರ್ 19ರಂದು ತಮ್ಮ 51ನೇ ವಯಸ್ಸಿನಲ್ಲಿಯೇ ನಿಧನರಾದರು. ಹಿರಿಯರ ಮರೆಗುಳಿತನದಲ್ಲಿಯೂ ಹೆಚ್ಚಾಗಿ ಇವೇ ಬದಲಾವಣೆಗಳಿವೆ ಎಂಬುದು ದಶಕಗಳ ನಂತರ ಸ್ಪಷ್ಟವಾಯಿತು.

ಅಲ್ಝೈಮರ್ ರೋಗವನ್ನು ಖಚಿತಪಡಿಸಿದ್ದು ರೋಗಿಯ ಮರಣದ ನಂತರ. ಇಂದು ಅಮೈಲಾಯ್ಡ್ ಮತ್ತು ಟಾವ್ ಪ್ರೋಟೀನುಗಳ ಸುಳಿವನ್ನು ಪೆಟ್ ಸ್ಕ್ಯಾನ್, ಬೆನ್ನುಹುರಿಯ ದ್ರವ, ರಕ್ತಪರೀಕ್ಷೆಗಳ ಮೂಲಕ ಬದುಕಿರುವವರಲ್ಲಿಯೇ ಕಾಣಬಹುದು. ರೋಗವನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೂ ಬೇಗ ಪತ್ತೆಯಾದರೆ ಲಾಭವಿದೆ. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆಗಳಿಂದಲೂ ಮರೆವು ಬರಬಹುದು, ಇವುಗಳಿಗೆ ಚಿಕಿತ್ಸೆಯಿದೆ. ಅಲ್ಝೈಮರ್ ರೋಗವೇ ಆಗಿದ್ದರೆ, ಹಣಕಾಸು ಮತ್ತು ಆರೈಕೆಯ ಬಗ್ಗೆ ತನ್ನ ಇಚ್ಛೆಯನ್ನು ಹೇಳಲು ರೋಗಿಗೆ ಸಮಯ ಸಿಗುತ್ತದೆ.

ಇಷ್ಟೆಲ್ಲ ಉಪಕರಣಗಳಿದ್ದರೂ ಇಂದಿಗೂ ಪತ್ತೆಯ ಮೊದಲ ಹೆಜ್ಜೆ ಸರಳ ಪ್ರಶ್ನೆಗಳೇ: ಇಂದು ಯಾವ ದಿನ, ಈಗ ಹೇಳಿದ ಮೂರು ಪದಗಳು ಯಾವುವು. ನಾವು ಬೋಧನಾಭ್ಯಾಸದಲ್ಲಿ ತಯಾರಿಸುವ ನೈದಾನಿಕ ಪರೀಕ್ಷೆಯ ಉದ್ದೇಶವೂ ಇದೇ ಅಲ್ಲವೇ? ಅಲ್ಲಿ ಅಂಕಕ್ಕಿಂತ ವಿದ್ಯಾರ್ಥಿ ಎಲ್ಲಿ, ಹೇಗೆ ತಪ್ಪಿದ ಎಂಬುದು ಮುಖ್ಯ. ದಡ್ಡ ಎಂಬ ಒಂದು ಮಾತು, ಅರಳುಮರಳು ಎಂಬ ಮಾತಿನಂತೆಯೇ, ಮುಂದಿನ ವಿಚಾರಣೆಯನ್ನು ನಿಲ್ಲಿಸಿಬಿಡುತ್ತದೆ. ಕಳೆದುಹೋಗಿದ್ದ ಆಗಸ್ಟೆಯವರ ಕಡತ 1995ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮತ್ತೆ ಸಿಕ್ಕಿತು. ಒಬ್ಬ ವೈದ್ಯ ತಾಳ್ಮೆಯಿಂದ ದಾಖಲಿಸಿದ ತಪ್ಪು ಉತ್ತರಗಳನ್ನು ವಿಜ್ಞಾನಿಗಳು ಇಂದಿಗೂ ಓದುತ್ತಿದ್ದಾರೆ.